ಕಂಪ್ಯೂಟ್ರು ಒಂದಿರಲಿ, ಮೇಲ್ ಎರಡಿರಲಿ

ಗಂಡ ಹೆಂಡ್ತಿಗೆ ಬೇರೆ ಬೇರೆ ಇಮೇಲ್ ಯಾಕೆ, ಮನೇಲಿ ಮುಚ್ಚುಮರೆ ಏನೈತೆ ಅಂತ ನಮ್ಮ ಕಡೆ ಬಹಳ ಜನ ಕೇಳ್ತಾರೆ. ಬೇರೇನೇ ಇರ್ಬೇಕು ಅಂತ ನಾನು ಹೇಳ್ತೀನಿ. ಗಂಡನ ಮೇಲೆ ಅನುಮಾನ ಇಟ್ಕೊಂಡು ಹೇಳೋ ಮಾತಲ್ಲ ಇದು. ನನ್ನ ಮೇಲ್‌ನಲ್ಲಿ ನನ್ನ ಗುಟ್ಟಿಗಿಂತ ನಂಗೆ ಬರೆದೋರ ಗುಟ್ಟೇ ಜಾಸ್ತಿ ಇರುತ್ತೆ. ಅದನ್ನ ಕಾಯೋದು ನನ್ನ ಕೆಲಸ.

ಮುಂಚೆ ಪೋಸ್ಟ್ ಕಾರ್ಡು ಬಂದ್ರೆ ಬೀದಿಯೋರೆಲ್ಲ ಓದ್ತಿದ್ರು. ಇನ್‌ಲ್ಯಾಂಡ್ ಲೆಟರ್ ಬಂದ್ರೆ ಯಾರ ಹೆಸರಿಗೆ ಬಂದೈತೋ ಅವ್ರೇ ಒಡೀಬೇಕು. ಮನೆ ಒಂದೇ, ಬಾಗಿಲು ಒಂದೇ, ಆದ್ರೂ ಕಾಗದ ಅವರವರದು. ಅಷ್ಟು ಮರ್ಯಾದೆ ಓದು ಬರದ ನಮ್ಮ ಅಜ್ಜೀರಿಗೂ ಗೊತ್ತಿತ್ತು. ಗೊರವನಹಳ್ಳಿ ಮಹಾಲಕ್ಷ್ಮಿ ಮುಂದೆ ನಿಂತಾಗ್ಲೂ ತಟ್ಟೆ ಒಂದೇ ಕೊಡ್ತೀವಿ, ಹೆಸರು ಒಬ್ಬೊಬ್ರದೂ ಹೇಳ್ತೀವಿ. ಹಂಗಂತ ಮನೆ ಒಡೆದುಹೋಯ್ತಾ?

ಮಗ ಓದೋವಾಗ ತಗೊಂಡ ಕಂಪ್ಯೂಟ್ರು ಈಗ ನಮ್ಮಿಬ್ರದು. ಯಜಮಾನ್ರಿಗೆ ವಿಮೆ ರಸೀದಿ, ಬ್ಯಾಂಕಿನ ಕಾಗದ ಬರುತ್ತೆ. ನಂಗೆ ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಬರುತ್ತೆ. ಯಾರು ಎಷ್ಟು ಸಾಲ ತಗೊಂಡವ್ರೆ, ಯಾರ ಕಂತು ನಿಂತೈತೆ, ಎಲ್ಲಾ ಅದ್ರಲ್ಲೇ. ಆ ಹೆಣ್ಮಕ್ಕಳು ಲೆಕ್ಕ ಒಪ್ಪಿಸಿರೋದು ನನ್ನ ನಂಬಿ, ನಮ್ಮನೆಯೋರನ್ನಲ್ಲ. ಅವ್ರ ಗಂಡಂದಿರೆಲ್ಲ ಸಾಯಂಕಾಲ ನಮ್ಮ ಯಜಮಾನ್ರ ಜೊತೇಲೇ ಟೀ ಕುಡಿಯೋರು! ತಂಗಿ ತನ್ನ ಕಾಯಿಲೆ ರಿಪೋರ್ಟು ನಂಗೊಬ್ಳಿಗೇ ಕಳಿಸಿದ್ರೆ, ಅದೂ ಹಂಗೇ.

ಬೇರೆ ಮಾಡೋದು ಹೆಂಗೆ? ಒಂದೇ ಜಿಮೇಲ್‌ನಲ್ಲಿ ಇಬ್ರ ಅಕೌಂಟೂ ಸೇರಿಸ್ಬೋದು, ಆದ್ರೆ ಅದು ಎರಡು ಸಾರು ಒಂದೇ ಪಾತ್ರೆಗೆ ಸುರಿದಂಗೆ. ನನ್ನದು ಅಂದ್ಕೊಂಡು ಅವ್ರ ಹೆಸರಲ್ಲಿ ಉತ್ತರ ಹೋಗ್ಬಿಡುತ್ತೆ. ಅದಕ್ಕಿಂತ ಕ್ರೋಮ್‌ನಲ್ಲಿ ಇಬ್ರಿಗೂ ಬೇರೆ ಪ್ರೊಫೈಲ್ ಮಾಡೋದು ವಾಸಿ. ಬಲಗಡೆ ಮೇಲ್ಗಡೆ ದುಂಡಗಿನ ಚಿತ್ರ ಇರುತ್ತಲ್ಲ, ಅಲ್ಲಿ ಒತ್ತಿದ್ರೆ ಸಿಗುತ್ತೆ. ಇಬ್ರ ಪಾಸ್‌ವರ್ಡೂ ಬೇರೆ ಉಳಿಯುತ್ತೆ. ಆದ್ರೆ ಒಂದು ನೆನಪಿರಲಿ, ಅದು ಪರದೆ, ಬೀಗ ಅಲ್ಲ. ಪಕ್ಕದ ಪ್ರೊಫೈಲ್ ಯಾರು ಬೇಕಾದ್ರೂ ತೆಗೀಬೋದು. ಬೀಗ ಬೇಕು ಅಂದ್ರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಅಂತ ಇರೋ ಕಡೆ ಒಬ್ಬೊಬ್ರಿಗೂ ಬೇರೆ ಯೂಸರ್ ಮಾಡಿ, ಬೇರೆ ಪಾಸ್‌ವರ್ಡ್ ಇಡ್ಬೇಕು. ಎದ್ದು ಹೋಗೋವಾಗ ವಿಂಡೋಸ್ ಗುರುತಿನ ಕೀಲಿ ಜೊತೆ ಎಲ್ ಒತ್ತಿದ್ರೆ ಬಾಗಿಲು ಹಾಕಿದಂಗೆ.

ಇನ್ನೂ ಮುಖ್ಯವಾದ್ದು ಫೋನ್ ನಂಬರು. ಮೇಲ್ ನಮ್ಮ ಹೆಸರಲ್ಲಿದ್ದು, ಪಾಸ್‌ವರ್ಡ್ ಮರೆತಾಗ ಓಟಿಪಿ ಹೋಗೋ ನಂಬರು ಗಂಡಂದೋ ಮಗಂದೋ ಆಗಿದ್ರೆ, ಆ ಮೇಲ್ ನಮ್ಮದು ಹೆಂಗಾಗುತ್ತೆ? 2023ರಲ್ಲಿ ಗೃಹಲಕ್ಷ್ಮಿ ಶುರುವಾದಾಗ 2000 ರೂಪಾಯಿ ಮನೆ ಯಜಮಾನಿ ಖಾತೆಗೇ ಬರ್ಬೇಕು ಅಂತ ಮಾಡಿದ್ರಲ್ಲ. ದುಡ್ಡಿಗೆ ನಮ್ಮದೇ ಖಾತೆ ಬೇಕು ಅಂತ ಒಪ್ಪಿದೋರು, ಕಾಗದಕ್ಕೆ ಬೇಡ ಅಂದ್ರೆ ನ್ಯಾಯ ಅಲ್ಲ.

ಮಕ್ಕಳು ಯಾವತ್ತೋ ಮಾಡಿಕೊಟ್ಟ ಅಕೌಂಟು ಸುಮ್ನೆ ಬಿಟ್ಟಿರೋರೂ ಅವ್ರೆ. 2 ವರ್ಷ ಮುಟ್ಟದೇ ಇರೋ ಅಕೌಂಟ್‌ನ ಗೂಗಲ್‌ನೋರು ಅಳಿಸಿಹಾಕ್ಬೋದು. 2023ರ ಡಿಸೆಂಬರ್‌ನಿಂದ ಆ ನಿಯಮ ಐತೆ. ಅವಾಗಾವಾಗ ತೆಗೆದು ನೋಡ್ತಿರಿ.

"ನಾಳೆ ಒಬ್ರಿಗೆ ಏನಾದ್ರೂ ಆದ್ರೆ ಇನ್ನೊಬ್ರು ಏನ್ ಮಾಡ್ಬೇಕು?" ಅಂತ ನಮ್ಮತ್ತಿಗೆ ಕೇಳಿದ್ರು. ಕೇಳ್ಬೇಕಾದ ಮಾತೇ. ಅದಕ್ಕೂ ಗೂಗಲ್‌ನಲ್ಲೇ ದಾರಿ ಐತೆ. ನಾವು ಹೇಳಿದಷ್ಟು ದಿನ, ಅಂದ್ರೆ 3 ತಿಂಗಳೋ 18 ತಿಂಗಳೋ, ಅಕೌಂಟು ಮುಟ್ಟದೇ ಇದ್ರೆ ಇಂಥೋರಿಗೆ ತಿಳಿಸಿ, ಇಷ್ಟನ್ನ ಕೊಡಿ ಅಂತ ಮೊದ್ಲೇ ಬರೆದಿಡ್ಬೋದು. ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಅದರ ಹೆಸರು. ನಾನು ಅಲ್ಲಿ ಯಜಮಾನ್ರ ಹೆಸರನ್ನೇ ಹಾಕಿದ್ದೀನಿ. ನಂಬಿಕೆ ಇಲ್ದಿದ್ರೆ ಹಾಕ್ತಿದ್ನಾ?

ಕಷ್ಟಕ್ಕೆ ಕೀಲಿ ಕೊಟ್ಟಿಡೋದು ಬೇರೆ, ದಿನಾ ಬಾಗಿಲು ತೆರೆದಿಡೋದು ಬೇರೆ. ಈ ಶುಕ್ರವಾರ ಪೂಜೆ ಮುಗಿದ್ಮೇಲೆ ಅರ್ಧ ಗಂಟೆ ಬಿಡುವು ಮಾಡ್ಕೊಂಡು, ಓಟಿಪಿ ಯಾರ ನಂಬರಿಗೆ ಹೋಗ್ತೈತೆ ಅನ್ನೋದೊಂದನ್ನ ನೋಡಿ. ಬಾರದಿದ್ರೆ ನಮ್ಮನೆಗೆ ಬನ್ನಿ, ತೋರಿಸ್ತೀನಿ.