ಕಾಣದೆ ಹರಿಯುವ ಆವಿ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಕಂಡವರು ಬಹುಮಂದಿ. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಸತ್ತ ಹುಳುವಿನ ಕಡೆಗೆ ಕಣ್ಣು ಹಾಯಿಸುವವರು ಮಾತ್ರ ಕಡಮೆ. ಒಣಗಿಸಿದ ಆ ಹುಳುವಿನ ತೂಕದಲ್ಲಿ ಸುಮಾರು ಕಾಲುಭಾಗ ಎಣ್ಣೆಯೇ ಇರುತ್ತದೆ. ಆ ಎಣ್ಣೆಯನ್ನಾಗಲಿ, ಚಿಂತಾಮಣಿಯ ಹೊಲದ ಕಡಲೆಕಾಯಿಯ ಎಣ್ಣೆಯನ್ನಾಗಲಿ ಕರಾರುವಾಕ್ಕಾಗಿ ಅಳೆಯಲು ಗಾಣ ಸಾಲದು. ಪ್ರಯೋಗಾಲಯದಲ್ಲಿ ಎಣ್ಣೆಯನ್ನು ಒಂದು ದ್ರವದಲ್ಲಿ ಕರಗಿಸಿ ಹೊರತೆಗೆದು, ದ್ರವವನ್ನು ಆವಿಯಾಗಿಸಿ, ಉಳಿದುದನ್ನು ತೂಗುತ್ತಾರೆ. ಈ ಕಾರ್ಯಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ದ್ರವಗಳಲ್ಲಿ ಈಥರ್ ಮುಖ್ಯವಾದುದು.

1846ರಲ್ಲಿ ಬೋಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ರೋಗಿಗೆ ನೋವಿಲ್ಲದಂತೆ ಶಸ್ತ್ರಚಿಕಿತ್ಸೆ ನಡೆಸಲು ನೆರವಾದುದು ಇದೇ ಈಥರ್. ಅಷ್ಟು ಉಪಕಾರಿಯಾದ ದ್ರವವು ಅಷ್ಟೇ ಅಪಾಯಕಾರಿಯೂ ಹೌದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದ ವಿಜ್ಞಾನ ಕಲಿಯಲು ಹೊರಡುವ ಮಕ್ಕಳು ಒಂದಲ್ಲ ಒಂದು ದಿನ ಇಂಥ ಸೀಸೆಯನ್ನು ಕೈಗೆತ್ತಿಕೊಳ್ಳುವವರೇ. ಆದುದರಿಂದ ಅದರ ಸ್ವಭಾವವನ್ನು ಮನೆಯ ಹಿರಿಯರೂ ಅರಿತಿರುವುದು ಲೇಸು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಭೌತಶಾಸ್ತ್ರದ ಅಧ್ಯಾಪಕರಾಗಿ ಹೆಸರು ಪಡೆದ ಡಾ. ಎಚ್. ನರಸಿಂಹಯ್ಯನವರು, ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಜೀವಮಾನವಿಡೀ ಸಾರಿದರು. ಪ್ರಯೋಗಾಲಯದ ನಿಯಮಗಳನ್ನೂ ಹಾಗೆಯೇ ಪ್ರಶ್ನಿಸಿ ನೋಡಬೇಕು. ಕಾರಣ ತಿಳಿದ ನಿಯಮವು ಮರೆತುಹೋಗುವುದಿಲ್ಲ.

ಈಥರಿನ ಬಳಿ ದೀಪ ಹಚ್ಚಬಾರದೇಕೆ? ಈಥರ್ 34.6 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುತ್ತದೆ. ಬೇಸಿಗೆಯಲ್ಲಿ ಈ ಊರುಗಳ ನಡುಹಗಲಿನ ಬಿಸಿಲು 35 ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಅಂದರೆ ಒಲೆಯ ಹಂಗಿಲ್ಲದೆಯೇ ಅದು ಕುದಿಯಬಲ್ಲದು! ಅದರ ಆವಿಯು ಗಾಳಿಗಿಂತ ಎರಡೂವರೆ ಪಟ್ಟು ಭಾರ. ಹೊಗೆಯಂತೆ ಮೇಲೇರದೆ, ಚೆಲ್ಲಿದ ನೀರಿನಂತೆ ಮೇಜಿನಿಂದಿಳಿದು ನೆಲದ ಮೇಲೆ ಹರಿಯುತ್ತದೆ. ಕೋಣೆಯ ಆಚೆ ಮೂಲೆಯಲ್ಲಿ ಉರಿಯುವ ಬರ್ನರನ್ನು ಅದು ಮುಟ್ಟಿತೆಂದರೆ, ಬೆಂಕಿಯು ಬಂದ ದಾರಿಯಲ್ಲೇ ಸೀಸೆಗೆ ಮರಳುತ್ತದೆ. ಜ್ವಾಲೆಯೇ ಬೇಕೆಂದೂ ಇಲ್ಲ. 180 ಡಿಗ್ರಿಯಷ್ಟು ಕಾದ ತಟ್ಟೆಯೂ ಸಾಕು. ಆದುದರಿಂದ ಇದನ್ನು ಕಾಯಿಸುವುದು ಬಿಸಿನೀರಿನ ತೊಟ್ಟಿಯಲ್ಲಿ ಮಾತ್ರ. ಆ ನೀರನ್ನು ಬೇರೆ ಕೋಣೆಯಲ್ಲಿ ಕಾಯಿಸಿ ತರುವುದು ಹಳೆಯ ವಾಡಿಕೆ. ಕೆಲಸವೆಲ್ಲ ಆವಿಯನ್ನು ಹೊರಗೆಳೆಯುವ ಗೂಡಿನಲ್ಲೇ ನಡೆಯತಕ್ಕದ್ದು.

ಮನೆಬಳಕೆಯ ಶೀತಕ ಪೆಟ್ಟಿಗೆಯಲ್ಲಿ ತಣ್ಣಗಿಟ್ಟರಾಗದೆ? ಆಗದು. ಈಥರಿನ ಆವಿಯು ಸೊನ್ನೆಗಿಂತ 45 ಡಿಗ್ರಿ ಕೆಳಗೂ ಹೊತ್ತಿಕೊಳ್ಳಬಲ್ಲದು. ಪೆಟ್ಟಿಗೆಯೊಳಗೆ ದೀಪದ ಸ್ವಿಚ್ಚು ಹಾರಿಸುವ ಪುಟ್ಟ ಕಿಡಿಯೇ ಅದನ್ನು ಸಿಡಿಸೀತು.

ಹಳೆಯ ಸೀಸೆಯನ್ನು ಕಂಡರೆ ಅಂಜುವುದೇಕೆ? ಗಾಳಿ, ಬೆಳಕುಗಳ ಸಂಪರ್ಕದಿಂದ ಈಥರಿನಲ್ಲಿ ನಿಧಾನವಾಗಿ ಪೆರಾಕ್ಸೈಡುಗಳು ಹುಟ್ಟುತ್ತವೆ, ಇವು ಸ್ಫೋಟಕಗಳು. ಈಥರ್ ಆರಿಹೋದಂತೆ ಇವು ತಳದಲ್ಲಿ ಒತ್ತಾಗುವುದರಿಂದ, ಬಟ್ಟಿಯಿಳಿಸುವಾಗ ಎಂದಿಗೂ ಪೂರ್ತಿ ಒಣಗುವವರೆಗೆ ಕಾಯಿಸಬಾರದು. ಕಂದು ಸೀಸೆಯಲ್ಲಿಟ್ಟು, ತೆರೆದ ದಿನಾಂಕವನ್ನು ಅದರ ಮೇಲೆ ಬರೆದು, ಬಳಸುವ ಮುನ್ನ ಪೊಟಾಸಿಯಂ ಅಯೊಡೈಡಿನಿಂದ ಪರೀಕ್ಷಿಸಬೇಕು. ಹಳದಿ ಅಥವಾ ಕಂದು ಬಣ್ಣ ಮೂಡಿದರೆ ಅದು ಎಚ್ಚರಿಕೆಯ ಗಂಟೆ. ಮುಚ್ಚಳದ ಸುತ್ತ ಹರಳು ಕಟ್ಟಿದ ಸೀಸೆಯನ್ನು ಮುಟ್ಟದೆ, ಅಧ್ಯಾಪಕರಿಗೆ ಕೂಡಲೇ ತಿಳಿಸತಕ್ಕದ್ದು.

ಉಡುಪಿನ ಕಟ್ಟಳೆಯೂ ಶಿಸ್ತಿಗಾಗಿ ಮಾತ್ರ ಹುಟ್ಟಿದ್ದಲ್ಲ. 2008ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ, ಗಾಳಿ ಸೋಕಿದೊಡನೆ ಹೊತ್ತಿಕೊಳ್ಳುವ ದ್ರಾವಣವೊಂದು ಸಿರಿಂಜಿನಿಂದ ಚೆಲ್ಲಿ, 23 ವರ್ಷದ ತರುಣಿಯೊಬ್ಬಳ ಬಟ್ಟೆಗೆ ಬೆಂಕಿ ತಗುಲಿತು. 18 ದಿನಗಳ ಮೇಲೆ ಆಕೆ ತೀರಿಕೊಂಡಳು. ಆಕೆ ಪ್ರಯೋಗಾಲಯದ ನಿಲುವಂಗಿಯನ್ನು ಧರಿಸಿರಲಿಲ್ಲ. ಮೈಮೇಲಿದ್ದುದು ಕೃತಕ ನೂಲಿನ ಸ್ವೆಟರು. ಅಂಥ ನೂಲು ಉರಿಯುತ್ತ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಯ ನಿಲುವಂಗಿ, ಕಣ್ಣಿಗೆ ಕನ್ನಡಕ, ಕಟ್ಟಿದ ಜಡೆ, ಜೋಲಾಡದ ಸೆರಗು, ದುಪಟ್ಟ: ಇವಿಷ್ಟೂ ಇದ್ದೇ ಪ್ರಯೋಗಕ್ಕೆ ಕೈಯಿಡಬೇಕು.

ಬೆಂಕಿ ಹತ್ತಿಯೇಬಿಟ್ಟರೆ ನೀರೆರಚಬಾರದು. ಈಥರ್ ನೀರಿಗಿಂತ ಹಗುರ. ಉರಿಯುತ್ತಲೇ ತೇಲಿ ಹರಡುತ್ತದೆ. ಚಿಕ್ಕ ಪಾತ್ರೆಯ ಬೆಂಕಿಯನ್ನು ಮುಚ್ಚಿ ಉಸಿರುಗಟ್ಟಿಸಬೇಕು. ಮೀರಿದರೆ ಇಂಗಾಲಾಮ್ಲ ಅನಿಲದ ಅಥವಾ ಒಣಪುಡಿಯ ಶಾಮಕವನ್ನು ಬಳಸಬೇಕು. ಬಟ್ಟೆಗೆ ಹತ್ತಿದರೆ ಓಡದೆ ನೆಲದ ಮೇಲೆ ಉರುಳಬೇಕು. ಓಡಿದಷ್ಟೂ ಬೆಂಕಿಗೆ ಗಾಳಿ ಹೆಚ್ಚು.

ಈ ಪಾಠವು ಕಾಲೇಜಿನ ಗೋಡೆಯೊಳಗೇ ಉಳಿಯತಕ್ಕದ್ದಲ್ಲ. ರೇಷ್ಮೆ ಸೀರೆಯ ಜಿಡ್ಡಿನ ಕಲೆ ತೆಗೆಯಲು ಪೆಟ್ರೋಲಿನಲ್ಲಿ ಉಜ್ಜುವ ಸಾಹಸವುಂಟಷ್ಟೆ? ಪೆಟ್ರೋಲಿನ ಆವಿಯೂ ಈಥರಿನ ಆವಿಯಂತೆಯೇ ನೆಲ ಹಿಡಿದು ಹರಿಯುತ್ತದೆ. ಒಣ ರೇಷ್ಮೆಯನ್ನು ಉಜ್ಜಿದರೆ ವಿದ್ಯುತ್ತಿನ ಕಿಡಿಯೂ ಹಾರುತ್ತದೆ. ಅಡುಗೆಮನೆಯ ಒಲೆಯಂತೂ ದೂರವಿಲ್ಲ. ಪ್ರಯೋಗಾಲಯದಿಂದ ಮರಳಿದ ಮಗಳು ಆ ಡಬ್ಬಿಯನ್ನು ಕಂಡು, “ಅಮ್ಮ, ಮೊದಲು ಅದನ್ನು ಆಚೆಗಿಡು” ಎಂದರೆ, ಆಕೆ ಕಲಿತ ರಸಾಯನಶಾಸ್ತ್ರ ಸಾರ್ಥಕವಾಯಿತೆಂದೇ ತಿಳಿಯಬೇಕು.