ಬಿದ್ದೋರಿಂಗೆ ಏಳುಲೆ ಜಾಗೆ ಕೊಡುವೊ



ಕಳುದ ತಿಂಗಳು ನೆಂಟರ ಮನೆಲಿ ಒಂದು ಜೆಂಬ್ರ ಇತ್ತು. ಅಲ್ಯಾಣ ಕೂಸು ಪಿಯುಸಿಲಿ ಒಂದು ಸಬ್ಜೆಕ್ಟಿಲಿ ಫೈಲಾಯಿದು ಹೇಳಿ ಎನಗೆ ಗೊಂತಿತ್ತು. ಬಳುಸುವ ಗಡಿಬಿಡಿಲಿಯೂ ಅದು ಅಟ್ಟುಂಬಳಂದ ಹೆರ ಬಯಿಂದಿಲ್ಲೆ. ಆನು ಹತ್ತರೆ ಹೋಗಿ, "ಬೇಜಾರು ಮಾಡೆಡ ಮಗಳೇ, ಸೋಲೇ ಗೆಲುವಿನ ಮೆಟ್ಲು" ಹೇಳಿದೆ. ಅದು ಸಣ್ಣಕೆ ಹೇಳಿತ್ತು: "ಇನ್ನೊಂದರಿ ಓದುಲೆ ಎನಗೆ ಕಷ್ಟ ಇಲ್ಲೆ ದೊಡ್ಡಮ್ಮ. ಹೆರ ಬಪ್ಪಲೇ ಕಷ್ಟ."

ಮನಗೆ ಬಂದ ಮೇಲೆಯೂ ಆ ಮಾತು ತಲೆಲೇ ಇತ್ತು. ಅಂಬಗ ನೆಂಪಾದ್ದು ತ್ರಿವೇಣಿಯ 'ಶರಪಂಜರ' ಕಾದಂಬರಿಯ ಕಾವೇರಿ. ನಿಂಗಳಲ್ಲಿ ಸುಮಾರು ಜನ ಓದಿಕ್ಕು. ಓದದ್ದೋರು 1971ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಸಿನೆಮಾಲ್ಲಿ ಕಲ್ಪನಾನ ನೋಡಿಕ್ಕು.

ಕಾವೇರಿಗೆ ಹೆರಿಗೆ ಆದ ಮೇಲೆ ಮನಸ್ಸಿನ ರೋಗ ಬತ್ತು. ಆಸ್ಪತ್ರೆಲಿ ಮದ್ದು ಮಾಡಿ ಗುಣವೂ ಆವುತ್ತು, ಮನಗೂ ಬತ್ತು. ಕತೆ ಅಲ್ಲಿಗೇ ಮುಗುದಿದ್ದರೆ, ಎಷ್ಟು ಕಷ್ಟ ಬಂದರೂ ಎದ್ದು ನಿಲ್ಲೆಕ್ಕು ಹೇಳುವ ನೀತಿ ನವಗೆ ಸಿಕ್ಕುತಿತ್ತು. ತ್ರಿವೇಣಿ ಅಲ್ಲಿಗೆ ನಿಲ್ಲುಸಿದ್ದವಿಲ್ಲೆ. ಅವು ಮನಶ್ಶಾಸ್ತ್ರ ಓದಿದೋರು. ಕಾವೇರಿ ನೆಗೆ ಮಾಡಿರೂ, ಕೋಪ ಮಾಡಿರೂ ಎಲ್ಲೋರಿಂಗೂ ಅದರ ಹಳೆ ರೋಗವೇ ಕಾಂಬದು. ಗೆಂಡನೂ ದೂರ ಆಗಿ ಬೇರೆ ಹೆಣ್ಣಿನ ಹತ್ತರೆ ಆವುತ್ತ. ಅಕೇರಿಗೆ ಕಾವೇರಿ ಪುನಃ ಆಸ್ಪತ್ರೆಗೆ ಹೋಯೆಕ್ಕಾವುತ್ತು.

ರೋಗ ಬಪ್ಪದು ತಪ್ಪಲ್ಲ, ಸೋಲೂ ಅಲ್ಲ. ಆದರೆ ಸುತ್ತಲಾಣೋರು ಅದರ ಸೋಲಿನ ಹಾಂಗೇ ಲೆಕ್ಕ ಹಾಕಿದವು. "ಪಾಪ, ಕಾವೇರಿಗೆ ಧೈರ್ಯ ಸಾಲ" ಹೇಳುವೋರಿದ್ದವು. ಎನಗೆ ಹಾಂಗೆ ಕಾಣ್ತಿಲ್ಲೆ. ಕಾವೇರಿ ಎದ್ದಿತ್ತು. ಅದರ ನಿಂಬಲೆ ಬಿಡದ್ದದು ಸುತ್ತ ಇದ್ದೋರು.

ಎನ್ನದೇ ಒಂದು ಸೋಲಿನ ಕತೆ ಹೇಳ್ತೆ. ಮದುವೆಯಾದ ಮರುವರ್ಷ ಅತ್ತೆ ಎನ್ನ ಕೈಲಿ ಮೆಡಿ ಉಪ್ಪಿನಕಾಯಿ ಹಾಕುಸಿದವು. ಭರಣಿ ಸರಿ ಒಣಗಿದ್ದೋ ಹೇಳಿ ಆನು ನೋಡಿದ್ದಿಲ್ಲೆ. ಮಳೆಗಾಲಲ್ಲಿ ಬಾಯಿ ಬಿಡುಸಿ ನೋಡಿರೆ ಮೇಲೆ ಬೆಳಿ ಬೂಷ್ಟು, ಮೆಡಿ ಎಲ್ಲ ಮೆತ್ತಂಗೆ! ಇಡೀ ಭರಣಿ ತೆಂಗಿನ ಬುಡಕ್ಕೆ ಹೋತು. ಆನು ಕೂಗಿದ್ದೇ ಕೂಗಿದ್ದು. ಅತ್ತೆ ಆರ ಹತ್ತರೂ ಹೇಳಿದ್ದವಿಲ್ಲೆ. ಮತ್ತಾಣ ವರ್ಷ ಮೆಡಿ ಬಪ್ಪಗ ಅದೇ ಭರಣಿಯ ತಂದು ಎನ್ನ ಎದುರು ಮಡುಗಿದವು. "ಈ ಸರ್ತಿಯೂ ನೀನೇ ಹಾಕು. ಭರಣಿಯ ಎರಡು ದಿನ ಬೆಶಿಲಿಲ್ಲಿ ಮಡುಗು. ಉಪ್ಪುನೀರು ಕೊದಿಶಿ, ಪೂರ್ತಿ ತಣುದ ಮೇಲೆ ಎರೆ" ಹೇಳಿದವು.

ಅಂದಿಂದ ಇಂದಿನವರೆಗೆ ಎನ್ನ ಉಪ್ಪಿನಕಾಯಿ ಹಾಳಾಯಿದಿಲ್ಲೆ. ಬೂಷ್ಟು ಬಂದದು ಎನಗೆ ಪಾಠ ಕಲಿಶಿತ್ತು, ಅಪ್ಪು. ಆದರೆ ಆ ಪಾಠ ಉಪಯೋಗಕ್ಕೆ ಬಂದದು ಅತ್ತೆ ಭರಣಿಯ ಎರಡನೇ ಸರ್ತಿ ಎನ್ನ ಕೈಲಿ ಕೊಟ್ಟ ಕಾರಣ. ಕಾವೇರಿಗೆ ಆ ಭರಣಿಯ ಆರೂ ಕೊಟ್ಟಿದವಿಲ್ಲೆ.

ಸೋತೋರಿಂಗೆ ಧೈರ್ಯ ಬೇಕು. ಎಲ್ಲಿ ತಪ್ಪಿತ್ತು ಹೇಳಿ ಹುಡ್ಕುದೂ ಅವರದ್ದೇ ಕೆಲಸ. ಆದರೆ ಹಳೆದರ ಪುನಃ ಪುನಃ ಎಳೆಯದ್ದೆ ಇಪ್ಪದು, ನಂಬಿ ಕೆಲಸ ಕೊಡುದು, ಈ ಎರಡು ನಮ್ಮ ಕೆಲಸ. ಸರಕಾರವೇ 2024ರಲ್ಲಿ ಪಿಯುಸಿಗೆ ಸಪ್ಲಿಮೆಂಟರಿ ಹೇಳುವ ಹೆಸರು ತೆಗದು, ಪರೀಕ್ಷೆ 1, 2, 3 ಹೇಳಿ ಮೂರು ಅವಕಾಶ ಕೊಟ್ಟಿತ್ತು. ನಾವು ಜೆಂಬ್ರದ ಮನೆಲಿ ಒಂದೇ ಪ್ರಶ್ನೆ ಕೇಳಿ ಅದರ ಹಿಂದೆ ತೆಕ್ಕೊಳ್ತು. ಕೇಳದ್ರೆ ಕಾಳಜಿ ಇಲ್ಲೆ ಹೇಳಿ ಆಗದೋ ಹೇಳುವಿ. ಕೇಳುಲಕ್ಕು, ಮಾರ್ಕು ಬಿಟ್ಟು ಬೇರೆ ಎಂತಾರು ಕೇಳುಲಕ್ಕು.

ಮೊನ್ನೆ ಆ ಕೂಸಿಂಗೆ ಫೋನು ಮಾಡಿದೆ. ಪರೀಕ್ಷೆಯ ಸುದ್ದಿ ತೆಗದ್ದಿಲ್ಲೆ. "ಆಯಿತ್ಯವಾರ ಎಂಗಳಲ್ಲಿ ಹಲಸಿನ ಹಪ್ಪಳ ಮಾಡುದು, ಹಿಟ್ಟಿನ ಹದ ನೋಡ್ಲೆ ನೀನೇ ಬರೆಕ್ಕು" ಹೇಳಿದೆ. "ಬತ್ತೆ ದೊಡ್ಡಮ್ಮ" ಹೇಳಿತ್ತು.

ಜೆಂಬ್ರದ ಮನೆಲಿ ಹೀಂಗೆ ಒಳವೇ ಕೂದ ಕೂಸು ಕಂಡರೆ ನಿಂಗಳೂ ಬುದ್ಧಿ ಹೇಳೆಡಿ. ಬಳುಸುಲೆ ಪಾಯಸದ ಪಾತ್ರ ಅದರ ಕೈಲಿ ಕೊಡಿ.