ಕಳ್ಳನಿಗಿಟ್ಟ ಬೀಗ ಒಡೆಯನನ್ನು ತಡೆಯಬಾರದು

ನಮ್ಮ ಹಳೆಯ ಕಾರಿನ ಎಂಜಿನು ಈಚೆಗೊಂದು ದಿನ ಒಂದೆರಡು ಕ್ಷಣ ಓಡಿ ನಿಂತುಹೋಯಿತು. ಮುಂದಿನ ಫಲಕದಲ್ಲಿ ಕೀಲಿಕೈಯ ಚಿತ್ರವುಳ್ಳ ದೀಪ ಮಿನುಗತೊಡಗಿತು. ಕೀಲಿಕೈಯ ಬ್ಯಾಟರಿಯನ್ನು ಬದಲಿಸಿದರೂ ಫಲವಾಗಲಿಲ್ಲ. ಕಾರಿನ ಗಣಕವನ್ನೇ ಬದಲಿಸಬೇಕೆಂದು ದುರಸ್ತಿಗಾರರು ತೀರ್ಪಿತ್ತರು.

ತೀರ್ಪಿಗೆ ಮೊದಲು ವಿಚಾರಣೆ ನಡೆಯಬೇಕಲ್ಲವೆ? ಇಂಥ ಕೀಲಿಕೈಯ ಹಿಡಿಯಲ್ಲಿ ಎರಡು ಸಾಧನಗಳಿರುತ್ತವೆ. ದೂರದಿಂದ ಬಾಗಿಲು ತೆರೆಯುವ ಗುಂಡಿಗೆ 3 ವೋಲ್ಟಿನ ಬ್ಯಾಟರಿ ಬೇಕು. ಕಳವನ್ನು ತಡೆಯುವ ಇಮೊಬಿಲೈಜರಿನ ಚಿಪ್ಪಿಗೆ ಅದು ಬೇಡ. ಬೀಗದ ಸುತ್ತಲಿನ ತಂತಿಸುರುಳಿಯು ಸೆಕೆಂಡಿಗೆ ಸುಮಾರು 1,25,000 ಸಲ ಆಂದೋಲಿಸುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. 1831ರಲ್ಲಿ ಫ್ಯಾರಡೆ ಕಂಡ ಪ್ರೇರಣೆಯ ನಿಯಮದಂತೆ ಚಿಪ್ಪಿನ ಪುಟ್ಟ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆ ಬಲದಿಂದಲೇ ಚಿಪ್ಪು ತನ್ನ ಗುರುತನ್ನು ತಿಳಿಸುತ್ತದೆ. ಗುರುತು ಹೊಂದದಿದ್ದರೆ ಎಂಜಿನು ಓಡದು.

ಎರಡನೆಯ ಕೀಲಿಕೈಯಿಂದ ಪ್ರಯತ್ನಿಸಿದೆವು, ಕಾರು ಹೊರಟಿತು. ಗಣಕವೂ ಬೀಗದ ಸುರುಳಿಯೂ ನಿರ್ದೋಷಿಗಳು. ಕೆಟ್ಟಿದ್ದುದು ಮೊದಲ ಕೀಲಿಕೈಯ ಚಿಪ್ಪು.

ಐರೋಪ್ಯ ಒಕ್ಕೂಟವು 1998ರಿಂದ ಹೊಸ ಕಾರುಗಳಿಗೆ ಈ ಸಾಧನವನ್ನು ಕಡ್ಡಾಯಗೊಳಿಸಿತು. ಉದ್ದೇಶವು ಸ್ತುತ್ಯವೇ. ಆದರೆ ಹೊಸ ಚಿಪ್ಪನ್ನು ಕಾರಿಗೆ ಪರಿಚಯಿಸುವ ವಿಧಾನವು ತಯಾರಕರ ಕೈಯಲ್ಲೇ ಉಳಿದರೆ, ಇದ್ದೊಂದು ಕೀಲಿಕೈ ಕೆಟ್ಟಾಗ ಗಟ್ಟಿಮುಟ್ಟಾದ ಕಾರೂ ಗುಜರಿಯ ಪಾಲಾದೀತು. ಗೋಪ್ಯತೆಯೇ ರಕ್ಷೆಯೆಂಬ ವಾದವೂ ನಿಲ್ಲದು: ಗುಟ್ಟಾಗಿಟ್ಟಿದ್ದ 40 ಬಿಟ್ಟುಗಳ ಇಂಥದೊಂದು ಸಂಕೇತವ್ಯವಸ್ಥೆಯನ್ನು 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸಂಗಡಿಗರೊಡನೆ ಭೇದಿಸಿದರು.

ಒಡೆತನದ ದಾಖಲೆ ತೋರಿಸಿದವರಿಗೆ ಆ ವಿಧಾನವು ನ್ಯಾಯವಾದ ಬೆಲೆಗೆ ದೊರೆಯಬೇಕೆಂಬುದು ನಮ್ಮ ಮತ. ವಿದ್ಯಾರ್ಥಿಮಿತ್ರರಿಗೆ ಹೇಳಬೇಕಾದುದಿಷ್ಟೆ: ಎರಡನೆಯ ಕೀಲಿಕೈಯನ್ನು ಜೋಪಾನವಾಗಿಡಿ, ಯಾವ ಭಾಗವನ್ನೂ ಪರೀಕ್ಷಿಸದೆ ಬದಲಿಸಬೇಡಿ.